ಸುಳ್ಳು ತೇಗು

“ನಿಲ್ಲಿಸು, ನಿಲ್ಲಿಸು,” ಎಂದಿತು ಹೆಡ್‌ಫೋನಿನೊಳಗಿನ ದನಿ. “ಹೊಟ್ಟೆ ಮಾತಾಡ್ತು.”

ಹುಡುಗಿ ಪುಟದಿಂದ ತಲೆಯೆತ್ತಿದಳು. ಗಾಜಿನ ಆಚೆ ರೆಕಾರ್ಡಿಂಗ್ ಮಾಡುವ ಹಿರಿಯರು ಕುರ್ಚಿ ಹಿಂದಕ್ಕೆ ತಳ್ಳಿ ಏಳುತ್ತಿದ್ದರು. ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಕಿವಿ ಸಾರ್ ಎಂದೇ ಕರೆಯುತ್ತಿದ್ದರು. ಓದುವವರ ಬಳೆ, ಕುರ್ಚಿಯ ಕಿರುಗುಡುವಿಕೆ, ಕಟ್ಟಿದ ಮೂಗು, ಯಾವುದೂ ಅವರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವರು ದಪ್ಪ ಬಾಗಿಲನ್ನು ಭುಜದಿಂದ ನೂಕಿ ಒಳಬಂದು ಮೇಜಿನ ಮೇಲೆ ಎರಡು ಬಾಳೆಹಣ್ಣು ಇಟ್ಟರು.

“ಬೆಳಿಗ್ಗೆ ಏನು ತಿಂದೆ?”

“ಲಾಂಡ್ರಿಯಿಂದ ನೇರ ಬಂದೆ ಸಾರ್. ತಿನ್ನೋಕೆ ಆಗ್ಲಿಲ್ಲ.”

“ಬಿಸ್ಕತ್ತು ಕೊಟ್ರೆ ಬಾಯಿ ಒಣಗಿ ಪಚಪಚ ಅನ್ನುತ್ತೆ. ಇದನ್ನ ತಿನ್ನು. ಈ ಮೈಕಿಗೆ ನಾಚಿಕೆ ಮಾನ ಏನೂ ಇಲ್ಲ, ಎಲ್ಲಾನೂ ಕೇಳಿಸ್ಕೊಳ್ಳುತ್ತೆ.”

ಅವಳು ನಗಲಿಲ್ಲ. ಗಾಜಿನ ಆಚೆ ನಿರ್ದೇಶಕಿ ಕೈಗಡಿಯಾರ ನೋಡಿಕೊಂಡದ್ದು ಅವಳ ಕಣ್ಣಿಗೆ ಬಿದ್ದಿತ್ತು. ಕೇಳುವ ಪುಸ್ತಕಗಳನ್ನು ತಯಾರಿಸುವ ಈ ಸಂಸ್ಥೆಗೆ ಒಂದು ದನಿ ಬೇಕಿತ್ತು. ಹಿಂದಿನ ದಿನ ಇಬ್ಬರು ಬಂದು ಓದಿ ಹೋಗಿದ್ದರು, ಇಬ್ಬರೂ ನಾಟಕದಲ್ಲಿ ಪಳಗಿದವರು. ಆಯ್ಕೆಯಾದರೆ ಈ ಕಾದಂಬರಿ ಮಾತ್ರವಲ್ಲ, ಮುಂದೆ ಬರುವ ಪುಸ್ತಕಗಳನ್ನೂ ಓದುವ ಕೆಲಸ. ಇಲ್ಲವಾದರೆ ಆಸ್ಪತ್ರೆಯ ಬೆಡ್‌ಶೀಟುಗಳನ್ನು ಮಡಚುವ ಕೆಲಸ ಇದ್ದೇ ಇತ್ತು. ಹನ್ನೆರಡನೆಯ ವಯಸ್ಸಿನಿಂದ ಮಾಡುತ್ತ ಬಂದ ಕೆಲಸವದು.

ಹಣ್ಣು ತಿಂದು ಮತ್ತೆ ಅದೇ ಭಾಗ ಹಿಡಿದಳು. ಅಪ್ಪ ಹಾಸಿಗೆ ಹಿಡಿದ ಮೇಲೆ ಹೋಟೆಲಿನಲ್ಲಿ ಲೋಟ ತೊಳೆಯುತ್ತ ಬೆಳೆಯುವ ಹುಡುಗನ ಕಥೆ. ಒಂದು ಸಂಜೆ ಅವನು ಮನೆಗೆ ಬಂದಾಗ ಪಾತ್ರೆಯಲ್ಲಿ ಒಬ್ಬರಿಗಾಗುವಷ್ಟೇ ಊಟ ಉಳಿದಿದೆ. ತಾನು ಕೆಲಸದಲ್ಲೇ ತಿಂದೆ ಎಂದು ಹುಡುಗ ಹೇಳುತ್ತಾನೆ. ಅಮ್ಮ ನಂಬಲಿ ಎಂದು ಜೋರಾಗಿ ತೇಗುತ್ತಾನೆ.

ಅವಳು ದನಿಯನ್ನು ತಗ್ಗಿಸಿ, ನಡುಗಿಸಿ, ಪ್ರತಿ ವಾಕ್ಯದ ಕೊನೆಯನ್ನು ಬಿಕ್ಕಿನಂತೆ ಎಳೆದು ಓದಿದಳು.

“ಒಂದ್ನಿಮಿಷ,” ಎಂದರು ನಿರ್ದೇಶಕಿ. “‘ಅವನು ಜೋರಾಗಿ ತೇಗಿದ.’ ಈ ವಾಕ್ಯದಲ್ಲಿ ಅಳು ಎಲ್ಲಿದೆ, ತೋರ್ಸಮ್ಮ.”

“ಕಷ್ಟದ ಕಥೆ ಅಲ್ವಾ ಮೇಡಂ?”

“ಹೌದು. ಅದಕ್ಕೆ?”

ಶಾಲೆಯ ಓದುವ ಸ್ಪರ್ಧೆಯಲ್ಲಿ ಅನಾಥ ಹುಡುಗಿಯೊಬ್ಬಳ ಪಾಠವನ್ನು ಇದೇ ದನಿಯಲ್ಲಿ ಓದಿದ್ದಳು. ತೀರ್ಪುಗಾರರಲ್ಲಿ ಒಬ್ಬರು ಕರ್ಚೀಫು ತೆಗೆದಿದ್ದರು, ಬಹುಮಾನದ ಕಪ್ಪು ಇವಳಿಗೆ ಬಂದಿತ್ತು. ಪುಸ್ತಕದ ಬಡ ಮಕ್ಕಳಿಗೆಲ್ಲ ದನಿ ಒಂದೇ ಎಂದು ಅವಳು ಆವತ್ತೇ ತೀರ್ಮಾನಿಸಿಬಿಟ್ಟಿದ್ದಳು. ಕಪ್ಪನ್ನು ಚೀಲದಲ್ಲಿ ಹಾಕಿಕೊಂಡು ಸೀದಾ ಲಾಂಡ್ರಿಗೆ ಹೋಗಿ ಶೀಟು ಮಡಚಿದ್ದಳು. ಆ ಮಕ್ಕಳ ಸಾಲಿನಲ್ಲಿ ತಾನೂ ಇದ್ದೇನೆ ಎಂದು ಮಾತ್ರ ಎಂದೂ ಅನ್ನಿಸಿರಲಿಲ್ಲ.

“ಇನ್ನೊಂದ್ಸಲ ನೋಡೋಣ,” ಎಂದರು ನಿರ್ದೇಶಕಿ. “ಇದೇ ಕೊನೇದು.”

“ಅದಕ್ಕೆ ಮುಂಚೆ ಆ ಕೈ,” ಎಂದರು ಕಿವಿ ಸಾರ್. “ಕಾಗದ ಹಿಸುಕ್ತಿದೀಯಾ. ಕೋಳಿ ಕೆರೆದ ಹಾಗೆ ಕೇಳಿಸ್ತಿದೆ.”

“ಕೈ ಸುಮ್ನೆ ಇರಲ್ಲ ಸಾರ್, ಏನ್ಮಾಡ್ಲಿ?”

ಅವರು ಮತ್ತೆ ಒಳಬಂದರು. ಪುಟಗಳನ್ನು ಎದುರಿನ ಸ್ಟ್ಯಾಂಡಿನ ಮೇಲೆ ಹರಡಿ, ಮೇಜಿಗೆ ಹಾಸಿದ್ದ ಹಳೆಯ ಟವೆಲನ್ನು ಎಳೆದು ಅವಳ ತೊಡೆಯ ಮೇಲೆ ಹಾಕಿದರು. “ಇದನ್ನ ಹಿಸುಕು, ಹಿಂಡು. ಬಟ್ಟೆ ಸದ್ದು ಮಾಡಲ್ಲ.”

ಅವಳು ಹಿಸುಕಲಿಲ್ಲ. ಕೈಗೆ ಬಟ್ಟೆ ಸಿಕ್ಕಿದೊಡನೆ ಬೆರಳುಗಳು ತಾವಾಗಿಯೇ ಮೂಲೆಗಳನ್ನು ಹುಡುಕಿದವು.

ಲಾಂಡ್ರಿಯಲ್ಲಿ ಶೀಟುಗಳಿಗೆ ಇಸ್ತ್ರಿ ಹಾಕುವ ಉಗಿಯ ಪ್ರೆಸ್ ನಡೆಸುವವಳು ಚಿಕ್ಕಮ್ಮ. ಹುಡುಗಿಯ ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳೂ ಅವಳೇ. ಪಾಠ ನೋಡಿಕೊಡಲು ಮನೆಯಲ್ಲಿ ಪುರುಸೊತ್ತಿರಲಿಲ್ಲ. ಆದ್ದರಿಂದ ಪುಸ್ತಕವನ್ನು ಕಪಾಟಿನ ಅಂಚಿಗೆ ಒರಗಿಸಿ, ಶೀಟು ಮಡಚುತ್ತ ಜೋರಾಗಿ ಓದಬೇಕಿತ್ತು. ಪ್ರೆಸ್ ಕೆಳಗಿಳಿದು ಉಗಿ ಬಿಟ್ಟಾಗ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಅದು ಇಳಿಯುವವರೆಗೆ ಓದುವುದು, ಉಸಿರು ತೆಗೆದುಕೊಂಡು ಕಾಯುವುದು, ಅದು ಮೇಲೆದ್ದ ಮೇಲೆ ಮುಂದುವರಿಸುವುದು. ಇತಿಹಾಸ, ಪದ್ಯ, ಸಸ್ಯಗಳ ಉಸಿರಾಟ, ಎಲ್ಲವನ್ನೂ ಅವಳು ಹೀಗೇ ಓದಿ ಮುಗಿಸಿದ್ದಳು.

ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು.

ಟವೆಲಿನ ಒಂದು ಮಡಿಕೆಗೆ ಒಂದೆರಡು ವಾಕ್ಯ. ಬೆರಳು ಅಂಚಿಗೆ ಬಂದಾಗ ಉಸಿರು. ಹುಡುಗ ಹೋಟೆಲಿನಿಂದ ಹೊರಟ, ಬೀದಿ ದಾಟಿದ, ಬಾಗಿಲ ಬಳಿ ಒದ್ದೆ ಕೈಗಳನ್ನು ಚಡ್ಡಿಗೆ ಒರೆಸಿಕೊಂಡ. ಪಾತ್ರೆಯೊಳಗೆ ಇಣುಕಿ ನೋಡಿದ. ಅವಳ ದನಿ ಅವನ ಹಿಂದೆ ಹೆಜ್ಜೆ ಹಾಕಿತು, ಅವನನ್ನು ಕಂಡು ಮರುಗಲು ನಿಲ್ಲಲಿಲ್ಲ. ‘ಹೊಟ್ಟೆ ತುಂಬಿದೆಯಮ್ಮ’ ಎಂಬ ಸಾಲು ಬಂದಾಗ ಅವಳಿಗೆ ತನ್ನದೇ ಒಂದು ಸಂಜೆ ಎದುರಿಗೆ ಬಂದು ನಿಂತಿತು. ಗೆಳತಿಯ ಮನೆಯಲ್ಲಿ ಊಟ ಆಯಿತು ಎಂದು ಸುಳ್ಳು ಹೇಳಿ, ಖಾಲಿ ಹೊಟ್ಟೆಗೆ ಗಾಳಿ ನುಂಗಿ ನುಂಗಿ ತೇಗಿದ್ದಳು. ಚಿಕ್ಕಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಎಂಥಾ ತೇಗು ಕಣೇ, ಯಾರ ಮದುವೆಗೆ ಹೋಗಿದ್ದೆ?” ಎಂದು ಕೇಳಿ, ತಟ್ಟೆಯಲ್ಲಿದ್ದುದನ್ನು ಎರಡು ಪಾಲು ಮಾಡಿದ್ದಳು.

“ಅವನು ಜೋರಾಗಿ ತೇಗಿದ,” ಎಂದು ಓದುವಾಗ ಅವಳಿಗೆ ನಗು ಬಂತು. ತಡೆಯಲು ನೋಡಿದಳು, ‘ತೇಗಿದ’ ಎಂಬಲ್ಲಿ ಅದು ಸಣ್ಣಗೆ ಒಡೆದೇ ಹೋಯಿತು.

ಕೆಟ್ಟಿತು ಎಂದುಕೊಂಡಳು. ಆದರೆ ಹೆಡ್‌ಫೋನಿನಲ್ಲಿ ಯಾರೂ ನಿಲ್ಲಿಸು ಎನ್ನಲಿಲ್ಲ. ಕೆಂಪು ದೀಪ ಹಾಗೇ ಉರಿಯುತ್ತಿತ್ತು. ಅವಳು ಮುಂದಿನ ಮಡಿಕೆ ಹಾಕಿ ಓದು ಮುಂದುವರಿಸಿದಳು. ಅಮ್ಮ ಉಣ್ಣುತ್ತಾಳೆ. ಹುಡುಗ ಗೋಡೆಗೆ ಒರಗಿ, ಗೆದ್ದವನಂತೆ ಕಾಲು ಚಾಚಿ ಕುಳಿತುಕೊಳ್ಳುತ್ತಾನೆ. ಅಧ್ಯಾಯ ಮುಗಿಯಿತು.

ಗಾಜಿನ ಆಚೆ ನಿರ್ದೇಶಕಿ ಮಾತಾಡುವ ಗುಂಡಿ ಒತ್ತಿದರು.

“ನಕ್ಕಿದ್ದು ಯಾಕೆ?”

“ತಪ್ಪಾಯ್ತು ಮೇಡಂ. ಅವನು... ಚೆನ್ನಾಗಿ ತೇಗಿದಾನೆ. ಖಾಲಿ ಹೊಟ್ಟೇಲಿ ಅಷ್ಟು ಜೋರಾಗಿ ಬರಲ್ಲ, ಕಷ್ಟ.”

ನಿರ್ದೇಶಕಿ ಪಕ್ಕಕ್ಕೆ ತಿರುಗಿದರು. ಗುಂಡಿಯಿಂದ ಬೆರಳು ತೆಗೆದಿರಲಿಲ್ಲವಾದ್ದರಿಂದ ಹುಡುಗಿಗೆ ಎಲ್ಲವೂ ಕೇಳಿಸಿತು.

“ನಗು ಇಟ್ಕೊಳ್ಳೋಣವಾ?”

“ತೆಗೀ ಅಂದ್ರೆ ನಾನು ಮನೆಗೆ ಹೋಗ್ತೀನಿ,” ಎಂದರು ಕಿವಿ ಸಾರ್. “ಆದ್ರೆ ಅಲ್ಲಲ್ಲಿ ಗ್ಯಾಪ್ ಉದ್ದ ಇದೆ ನೋಡಿ. ಎಲ್ಲಾ ಒಂದೇ ಅಳತೆ, ಯಾರೋ ತಾಳ ಹಾಕಿದ ಹಾಗೆ. ಕತ್ತರಿಸ್ಲಾ?”

“ಬೇಡ. ಅದು ಇರ್ಲಿ.” ನಿರ್ದೇಶಕಿ ಮೈಕಿನತ್ತ ಬಾಗಿದರು. “ನಿನ್ನೆ ಬಂದ ಆ ಇಬ್ಬರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ನೀನು ಸೋಮವಾರ ಬಾ. ಮೊದಲನೇ ಅಧ್ಯಾಯದಿಂದ ಶುರು.”

“ತಿಂದ್ಕೊಂಡು ಬಾ,” ಎಂದರು ಕಿವಿ ಸಾರ್.

ಅವಳು ಎದ್ದು ಹೋದ ಮೇಲೆ ಟವೆಲು ಮೇಜಿನ ಮೇಲಿತ್ತು, ಅಂಚಿಗೆ ಅಂಚು ಕೂಡಿಸಿ ಅಂಗೈಯಗಲಕ್ಕೆ ಮಡಚಿದ್ದು. ಕಿವಿ ಸಾರ್ ಅದನ್ನು ಬಿಡಿಸಲಿಲ್ಲ.

ಲಾಂಡ್ರಿಯಲ್ಲಿ ಮಧ್ಯಾಹ್ನದ ಗಾಡಿ ಆಗಲೇ ಬಂದಿತ್ತು. ಬಿಳಿ ಶೀಟುಗಳ ರಾಶಿಯ ಹಿಂದೆ ಚಿಕ್ಕಮ್ಮನ ತಲೆ ಮಾತ್ರ ಕಾಣುತ್ತಿತ್ತು.

“ಏನಂದ್ರು?”

“ಸೋಮವಾರದಿಂದ ಬಾ ಅಂದ್ರು.”

ಚಿಕ್ಕಮ್ಮ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಒರೆಸಿಕೊಳ್ಳಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು.

“ಯಾರ ಕಥೆ ಅದು?”

“ಹೋಟೆಲಲ್ಲಿ ಲೋಟ ತೊಳೆಯೋ ಹುಡುಗನದು.”

“ಅಯ್ಯೋ, ಉದ್ದಕ್ಕೂ ಅಳ್ತಿರ್ತಾನೋ ಏನೋ.”

“ಇಲ್ಲ ಚಿಕ್ಕಮ್ಮ, ಪುರುಸೊತ್ತಿಲ್ಲ ಅವನಿಗೆ.”

“ಹಾಗಾದ್ರೆ ಓದು, ಕೇಳೋಣ. ಕೈ ನಿಲ್ಲಿಸ್ಬೇಡ ಮತ್ತೆ, ರಾಶಿ ಬಿದ್ದಿದೆ ನೋಡು.”

ಹುಡುಗಿ ಸ್ಟುಡಿಯೋದಿಂದ ತಂದ ಪುಟಗಳನ್ನು ಕಪಾಟಿನ ಅಂಚಿಗೆ ಒರಗಿಸಿ ಒಂದು ಶೀಟಿನ ಎರಡು ಮೂಲೆ ಹಿಡಿದಳು. ಹುಡುಗ ಹೋಟೆಲಿನಿಂದ ಹೊರಟ. ಪ್ರೆಸ್ ಇಳಿಯಿತು, ಉಗಿ ಬಿಟ್ಟಿತು, ಎದ್ದಿತು. ಬೀದಿ ದಾಟಿದ. ಪ್ರೆಸ್ ಇಳಿಯಿತು, ಎದ್ದಿತು. ಪಾತ್ರೆಯೊಳಗೆ ಇಣುಕಿದ, ಹೊಟ್ಟೆ ತುಂಬಿದೆಯಮ್ಮ ಎಂದ, ಜೋರಾಗಿ ತೇಗಿದ.

ಇನ್ನೇನು ಪ್ರೆಸ್ ಇಳಿಯಬೇಕು. ಹುಡುಗಿ ಅಭ್ಯಾಸಬಲದಿಂದ ಓದು ನಿಲ್ಲಿಸಿ ಉಸಿರು ತೆಗೆದುಕೊಂಡಳು.

ಸದ್ದು ಬರಲಿಲ್ಲ. ಪ್ರೆಸ್ ಬಾಯಿ ತೆರೆದೇ ನಿಂತಿತ್ತು. ಅದರ ಮೇಲೆ ಹಾಸಿದ ಶೀಟು ನಿಧಾನವಾಗಿ ಆರುತ್ತಿತ್ತು. ಅದನ್ನು ಇಳಿಸುವ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಚಿಕ್ಕಮ್ಮ ಮುಂದಿನ ವಾಕ್ಯಕ್ಕೆ ಕಾಯುತ್ತಿದ್ದಳು.