ನಾಲ್ಕನೆಯ ಮಾತು

ಆಲೂಗಡ್ಡೆ ಸಾಲಡ್ಡಿಗೆ ಒಣದ್ರಾಕ್ಷಿ ಹಾಕಿದ ಮಹಾತಾಯಿ ಯಾರೆಂದು ನನಗೆ ಗೊತ್ತು. ಹೆಸರು ಹೇಳುವುದಿಲ್ಲ, ಆಕೆಯ ಗಂಡ ನಮ್ಮ ಚರ್ಚಿನ ಸೂರು ರಿಪೇರಿ ಮಾಡಿಸಿಕೊಟ್ಟವನು. ಆದರೆ ಮಣ್ಣು ಮಾಡಿ ಬಂದ ಜನ, ಅತ್ತು ಅತ್ತು ಸುಸ್ತಾದ ಜನ, ತಟ್ಟೆ ಹಿಡಿದು ಸಾಲಿನಲ್ಲಿ ಬಂದು ಆ ಬೋಗುಣಿಯೊಳಗೆ ಇಣುಕಿ, ಸುಮ್ಮನೆ ಮುಂದಕ್ಕೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ. ಯಾರ ಕೈಯಡುಗೆ ಎಂದು ಕೇಳದೆ ನಮ್ಮ ಕಪ್ಪು ಜನ ಆಲೂಗಡ್ಡೆ ಸಾಲಡ್ಡನ್ನು ಮುಟ್ಟುವುದಿಲ್ಲ. ಇಪ್ಪತ್ತು ವರ್ಷಗಳಿಂದ ಆ ಪ್ರಶ್ನೆಗೆ ಒಂದೇ ಉತ್ತರವಿತ್ತು, ಲುವೆಲ್ಲಾ. ಆ ಶನಿವಾರ ಲುವೆಲ್ಲಾ ಬಂದಿರಲಿಲ್ಲ.

ಯಾವ ಮುಖ ಹೊತ್ತು ಬರುತ್ತಾಳೆ? ಪೆಟ್ಟಿಗೆಯಲ್ಲಿ ಮಲಗಿದ್ದವನು ಅರ್ನೆಟ್ಟಾಳ ಮಗ ಕಾರ್ಡೆಲ್. ಅವನಿಗೆ ಗುಂಡು ಹೊಡೆದ ಪೊಲೀಸು ಲುವೆಲ್ಲಾಳ ಮಗ ರೆಜಿ. ಇಬ್ಬರೂ ನಮ್ಮ ಚರ್ಚಿನ ನೆಲಮಾಳಿಗೆಯಲ್ಲೇ ಆಡಿ ಬೆಳೆದವರು. ಇಬ್ಬರ ಮೂಗನ್ನೂ ನಾನೇ ಒರೆಸಿದ್ದೇನೆ.

ನಾನು ವರ್ನೆಲ್. ಆ ನೆಲಮಾಳಿಗೆಯ ಅಡುಗೆಮನೆ ನನ್ನದು. ಪಾದ್ರಿಗಳಾದರೂ ಸರಿ, ಬಾಗಿಲಲ್ಲಿ ನಿಂತು ಕೇಳಿಯೇ ಒಳಗೆ ಬರಬೇಕು. ಓಹಾಯೋದ ಈ ಸರೋವರದ ದಡದ ಊರಿನಲ್ಲಿ ಕಾರ್ಖಾನೆಗಳು ತೆರೆದದ್ದನ್ನೂ ಮುಚ್ಚಿದ್ದನ್ನೂ ನೋಡಿದ್ದೇನೆ. ಬಾಯಿ ಸ್ವಲ್ಪ ಜೋರು, ಅದು ಹುಟ್ಟುಗುಣ.

ನಡೆದದ್ದು ಇಷ್ಟು. ಶಾಲೆಯ ಬಸ್ಸು ಓಡಿಸುತ್ತಿದ್ದ ಕಾರ್ಡೆಲ್ ಒಂದು ರಾತ್ರಿ ಕಿರಾಣಿ ಅಂಗಡಿಯ ಮುಂದೆ ತನ್ನ ಕಾರಿನೊಳಗೇ ಕೀಲಿ ಬಿಟ್ಟು ಬಾಗಿಲು ಹಾಕಿಕೊಂಡಿದ್ದ. ಕಿಟಕಿಯ ಸಂದಿಗೆ ತಂತಿ ತೂರಿಸಿ ತೆಗೆಯಲು ಒದ್ದಾಡುತ್ತಿದ್ದ. ಯಾರೋ ಪೊಲೀಸರಿಗೆ ಫೋನು ಮಾಡಿದರು. ರೆಜಿ ಬಂದ, ಕಣ್ಣಿಗೆ ಟಾರ್ಚ್ ಬಿಟ್ಟ. ಕಾರ್ಡೆಲ್ ತಂತಿ ಕೆಳಗೆ ಹಾಕಿ ಎರಡೂ ಕೈ ಎತ್ತಿದ. ಆಮೇಲೆ ಗುಂಡು. ರೆಜಿಯ ಎದೆಯ ಮೇಲಿದ್ದ ಕ್ಯಾಮೆರಾದ ವಿಡಿಯೋ ಈಗ ಊರಿನ ಎಲ್ಲರ ಫೋನಿನಲ್ಲೂ ಇದೆ. ನಾನು ಒಂದು ಸಲ ನೋಡಿದೆ. ಇನ್ನೊಮ್ಮೆ ನೋಡುವ ಎದೆ ನನಗಿಲ್ಲ.

ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ಅಡುಗೆಮನೆಯಲ್ಲಿ ಜಗಳ ಹತ್ತಿಕೊಂಡಿತು. ಒಂದು ಕಡೆ ನಮ್ಮ ಚರ್ಚಿನ ಹಿರಿಯ, ಡೀಕನ್ ಹೋರೇಸ್. ಜೀವಮಾನವೆಲ್ಲ ಅಂಚೆ ಹಂಚಿದವರು, ಇಡೀ ಊರಿನ ನಾಯಿಗಳ ಹೆಸರು ಬಲ್ಲವರು. ಇನ್ನೊಂದು ಕಡೆ ಕಾರ್ಡೆಲ್‌ನ ತಂಗಿ ಶನೀಸ್. ಕಾನೂನು ಓದುತ್ತಿರುವ ಹುಡುಗಿ, ಉಳಿದ ಕೋಳಿಯನ್ನು ಹಾಳೆಯಲ್ಲಿ ಸುತ್ತುತ್ತಿದ್ದಳು.

"ಬಣ್ಣ ಬಣ್ಣ ಅಂತ ಬಡ್ಕೋಬೇಡಿ" ಅಂದರು ಹೋರೇಸ್. "ಹೊಡೆದೋನು ಬಿಳಿಯನಾ? ನಮ್ಮ ರೆಜಿ. ನನಗಿಂತ ಕಪ್ಪಗಿದಾನೆ. ಭಯ ಬಿದ್ದ, ಬೆರಳು ಜಾರ್ತು. ಸರಿಯಾಗಿ ತರಬೇತಿ ಕೊಟ್ಟಿಲ್ಲ. ಅಷ್ಟೇ."

"ಭಯ ಬಿದ್ದದ್ದು ಯಾಕೆ ಮಾಮ?" ಶನೀಸ್ ತಲೆ ಎತ್ತಲಿಲ್ಲ. "ಸರೋವರದ ಕಡೆ ಮನೆಗಳ ಹತ್ತಿರ ಯಾವನಾದ್ರೂ ಬಿಳಿ ಹುಡುಗ ತಂತಿ ಹಿಡ್ಕೊಂಡು ಕಾರಿನ ಮುಂದೆ ನಿಂತಿದ್ರೆ? ಏನಪ್ಪಾ, ಕೀಲಿ ಬಿಟ್ಟಾ ಅಂತ ಕೇಳಿ ಸಹಾಯ ಮಾಡಿರೋರು."

"ಅದು ನಿನ್ನ ಊಹೆ. ಕೋರ್ಟಲ್ಲಿ ನಡೆಯಲ್ಲ."

"ನಮ್ಮಣ್ಣ ಸತ್ತದ್ದು ಊಹೆ ಅಲ್ಲ."

"ಅಯ್ಯೋ ಮಗಳೇ, ನಾನು ಹಾಗೆ ಹೇಳಿದ್ನಾ? ಹೋದ ವರ್ಷ ನನ್ನ ಬೀದೀಲೇ ನಮ್ಮ ಹುಡುಗನೇ ನಮ್ಮ ಹುಡುಗನ್ನ ಹೊಡೆದು ಹಾಕಿದ. ಆವಾಗ ಮೇಣದ ಬತ್ತಿ ಹಿಡ್ಕೊಂಡು ಯಾರು ಬಂದ್ರು? ಟಿವಿಯವರು ಬಂದ್ರಾ? ನೀನು ಬಂದ್ಯಾ?"

ಶನೀಸ್ ಈಗ ತಲೆ ಎತ್ತಿದಳು. "ಆ ಹುಡುಗನಿಗೆ ನಮ್ಮ ತೆರಿಗೆ ದುಡ್ಡಲ್ಲಿ ಪಿಸ್ತೂಲು ಕೊಡಿಸಿದ್ರಾ? ಅವನು ಜೈಲಲ್ಲಿದಾನೆ. ರೆಜಿ ಸಂಬಳ ತಗೊಂಡು ಮನೇಲಿದಾನೆ. ಬಣ್ಣ ಇರೋದು ಬರೀ ಚರ್ಮದಲ್ಲಲ್ಲ ಮಾಮ, ಆ ಸಮವಸ್ತ್ರ ಹಾಕ್ಕೊಂಡ ಮೇಲೆ ಯಾರನ್ನ ಕಂಡ್ರೆ ಹೆದರಬೇಕು ಅಂತ ಕಲಿಸ್ತಾರಲ್ಲ, ಅದರಲ್ಲಿದೆ."

"ದೊಡ್ಡ ಮಾತು!"

"ಸಾಕು!" ಎಂದು ನಾನು ದೊಡ್ಡ ಬಾಣಲೆಯನ್ನು ಸಿಂಕಿಗೆ ಬಡಿದೆ. "ಡೀಕನ್ನರೇ, ಒರೆಸಿ. ನೀನು ಕಟ್ಟು. ವಾದ ಮಾಡೋ ಬಾಯಿಗೆ ಕೈಯೂ ಇರಲಿ." ನಿಜ ಹೇಳಬೇಕೆಂದರೆ ಹುಡುಗಿಯದೇ ಸರಿಯೆಂದು ನನ್ನ ಮನಸ್ಸು ಹೇಳುತ್ತಿತ್ತು. ಆದರೆ ಹೋರೇಸ್ ಹೇಳಿದ ಆ ಒಂದು ಮಾತು, ನಮ್ಮ ರೆಜಿ ಎಂಬ ಮಾತು, ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಆಗ ಹಿಂದಿನ ಬಾಗಿಲು ತೆರೆಯಿತು. ಲುವೆಲ್ಲಾ. ಎರಡೂ ಕೈಯಲ್ಲಿ ತನ್ನ ಹಳದಿ ಬೋಗುಣಿ, ಮೇಲೆ ಒದ್ದೆ ಬಟ್ಟೆ ಮುಚ್ಚಿದೆ. ಕೇಳದೆ ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು. ಒಂದೇ ವಾರದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು.

"ಬರ್ಲಾ ಅಕ್ಕಾ?"

ಶನೀಸ್ ಕೈಯಲ್ಲಿದ್ದುದನ್ನು ಬಿಟ್ಟು ಗೋಡೆಯ ಕಡೆ ತಿರುಗಿದಳು. ನನಗೆ ಬಯ್ಯಬೇಕೆನಿಸಿತು, ಓಡಿ ಹೋಗಿ ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡೂ ಮಾಡದೆ "ಇಡು ಅಲ್ಲಿ" ಅಂದೆ.

ಇಟ್ಟಳು. ಕೂರಲಿಲ್ಲ. "ಮಂಗಳವಾರ ಹೈಸ್ಕೂಲಲ್ಲಿ ಊರಿನ ಸಭೆ ಇದೆಯಲ್ಲ. ಪೊಲೀಸ್ ಸಂಘದೋರು ಮನೆಗೆ ಬಂದಿದ್ರು. ನಾನು ವೇದಿಕೆ ಮೇಲೆ ನಿಂತು ಮಾತಾಡಬೇಕಂತೆ. ನನ್ನ ಮಗ ಕಪ್ಪು, ನಾನು ಕಪ್ಪು, ಇದರಲ್ಲಿ ಬಣ್ಣದ ಮಾತೆಲ್ಲಿಂದ ಬಂತು ಅಂತ. ತಾಯಿ ಬಾಯಿಂದ ಬಂದ್ರೆ ಜನ ತಣ್ಣಗಾಗ್ತಾರಂತೆ. ಹಾಗೆ ಹೇಳಿದ್ರೆ ಅವನ ಕೆಲಸ ಉಳಿಯತ್ತೆ, ಕೇಸೂ ಬಿದ್ದುಹೋಗಬಹುದು ಅಂದ್ರು. ಹೇಳದಿದ್ರೆ ವಕೀಲರ್ನ ಕೊಡೋದಿಲ್ಲ, ಕೈ ತೊಳ್ಕೋತೀವಿ ಅಂದ್ರು."

ಹೋರೇಸ್ ಬಟ್ಟೆ ಕೆಳಗಿಟ್ಟರು. "ಅದು ಸುಳ್ಳೇನಲ್ವಲ್ಲ ತಾಯಿ. ಹೇಳಿಬಿಡಿ. ಒಬ್ಬ ಹುಡುಗ ಹೋದ. ಇನ್ನೊಬ್ಬನಾದ್ರೂ ಉಳೀಲಿ."

"ಅವನು ನನಗೇನು ಹೇಳ್ದ ಗೊತ್ತಾ ಡೀಕನ್ನರೇ?" ಲುವೆಲ್ಲಾ ಬೋಗುಣಿಯ ಮೇಲಿನ ಬಟ್ಟೆ ತೆಗೆದಳು. "ದಾರಿಯುದ್ದಕ್ಕೂ ಪೊಲೀಸ್ ರೇಡಿಯೋದಲ್ಲಿ ಕಪ್ಪು ಗಂಡಸು, ಭಾರಿ ಆಳು, ಕೈಯಲ್ಲಿ ಏನೋ ಇದೆ ಅಂತಿದ್ರಂತೆ. ಕಾರಿಂದ ಇಳಿದಾಗ ಅದನ್ನೇ ನೋಡಿದೆ ಅಮ್ಮಾ, ಕಾರ್ಡೆಲ್‌ನ ನೋಡಲೇ ಇಲ್ಲ ಅಂದ. ಜೊತೇಲಿ ಒಂದೇ ತಟ್ಟೇಲಿ ಉಂಡೋನು! ನಾನು ಕೇಳಿದೆ, ಆ ಮಾತುಗಳು ಕೇಳಿಸಲಿಲ್ವೇನೋ ಅಂತ. ತಲೆ ಬಗ್ಗಿಸಿದ."

ಯಾವ ಮಾತುಗಳೆಂದು ನಾವು ಯಾರೂ ಕೇಳಲಿಲ್ಲ. ನಮಗೆ ಗೊತ್ತು. ತಿಂಗಳಿಗೊಂದು ಶನಿವಾರ ಇದೇ ನೆಲಮಾಳಿಗೆಯಲ್ಲಿ ಲುವೆಲ್ಲಾ ಮಕ್ಕಳಿಗೆ ಒಂದು ಪಾಠ ನಡೆಸುತ್ತಾಳೆ. ಅವಳ ತಾಯಿಯೂ ನಡೆಸುತ್ತಿದ್ದಳು, ಹೋರೇಸ್‌ಗೆ ಕಲಿಸಿದವಳು ಆ ತಾಯಿಯೇ. ಮಡಿಸುವ ಕುರ್ಚಿಗಳನ್ನು ಮುಂದೆರಡು ಹಿಂದೆರಡು ಹಾಕಿದರೆ ಅದೇ ಕಾರು. ಕಾಗದದ ತಟ್ಟೆಯೇ ಸ್ಟೀರಿಂಗು. ಲುವೆಲ್ಲಾ ಪೊಲೀಸಾಗಿ ಟಾರ್ಚ್ ಹಿಡಿದು ಬಂದು ಕಣ್ಣಿಗೆ ಬೆಳಕು ಬಿಡುತ್ತಾಳೆ. ಮಕ್ಕಳು ಅಂಗೈ ತೋರಿಸಿ ನಾಲ್ಕು ಮಾತು ಹೇಳಬೇಕು. ಕೈ ಇಲ್ಲಿದೆ ಸಾರ್. ಕೈಯಲ್ಲಿ ಏನಿಲ್ಲ ಸಾರ್. ನಾನು ಅಲ್ಲಾಡಲ್ಲ ಸಾರ್. ನಾನು ಮನೆಗೆ ಹೋಗ್ಬೇಕು ಸಾರ್. ನಾಲ್ಕೂ ತಪ್ಪದೆ ಹೇಳಿದರೆ ಟಾರ್ಚ್ ಕೆಳಗಿಳಿಸಿ "ಹೋಗು ಮಗಾ, ಮನೆಗೆ ಹೋಗು" ಎಂದು ಗಲ್ಲ ಸವರಿ ಒಂದು ಬಿಸ್ಕತ್ತು ಕೊಡುತ್ತಾಳೆ. ರೆಜಿ, ಕಾರ್ಡೆಲ್ ಇಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಕಲಿತವರು.

ವಿಡಿಯೋದಲ್ಲಿ ಕಾರ್ಡೆಲ್ ಮೂರು ಮಾತು ಹೇಳುತ್ತಾನೆ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಅರ್ನೆಟ್ಟಾ, ಮೈಮೇಲೆ ಇನ್ನೂ ಕಪ್ಪು ಉಡುಪು, ಕೈಯಲ್ಲಿ ಖಾಲಿ ತಟ್ಟೆ. ಲುವೆಲ್ಲಾಳನ್ನು ನೋಡಿದಳು.

"ಈ ಸಾಲಡ್ಡು ಯಾರ್ದು ವರ್ನೆಲ್?" ಎಂದು ನನ್ನನ್ನೇ ಕೇಳಿದಳು, ಎದುರಿಗಿದ್ದವಳು ಗೋಡೆಯೋ ಎಂಬಂತೆ.

"ಲುವೆಲ್ಲಾಳದು."

"ಹಾಕು. ಮೂರು ದಿನದಿಂದ ಏನೂ ಇಳಿದಿಲ್ಲ." ನಾನು ಬಡಿಸಿದೆ. ನಿಂತೇ ತಿಂದಳು, ಅಳುತ್ತಾ ತಿಂದಳು, ತಟ್ಟೆ ಖಾಲಿ ಮಾಡಿದಳು. ಆಮೇಲೆ ಲುವೆಲ್ಲಾಳ ಕಡೆ ತಿರುಗಿದಳು. "ಕ್ಷಮಿಸಿದೆ ಅಂತ ತಿಳ್ಕೋಬೇಡ. ಟಿವಿಯೋರಿಗೆ ಹಾಗೆ ಹೇಳ್ಲೂ ಬೇಡ. ಹಸಿವಾಗಿತ್ತು, ತಿಂದೆ. ಮಂಗಳವಾರ ನಾನು ಮೊದಲನೇ ಸಾಲಲ್ಲಿ ಕೂತಿರ್ತೀನಿ. ನೀನು ಏನು ಹೇಳಬೇಕು ಅಂತ ನಾನು ಹೇಳಲ್ಲ. ನನ್ನ ಮುಖ ನೋಡಿ ಹೇಳು, ಅಷ್ಟೇ."

ಮಂಗಳವಾರ ಸಂಜೆ ಹೈಸ್ಕೂಲಿನ ಆಟದ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಡಗಡೆ ನಾವು. ಬಲಗಡೆ ಸರೋವರದ ಕಡೆಯ ಬಿಳಿಯರು. ಪೊಲೀಸರ ಪರ ಹಲಗೆ ಹಿಡಿದವರೂ ಇದ್ದರು, ಕಣ್ಣೀರು ತುಂಬಿಕೊಂಡವರೂ ಇದ್ದರು. ಮುಂದೆ ರೆಜಿ, ಸೂಟು ಹಾಕಿಸಿ ಕೂರಿಸಿದ್ದರು. ಮೈಕಿನ ಮುಂದೆ ಒಬ್ಬೊಬ್ಬರೂ ಬಂದು ಅದೇ ವಾದ. ಬಣ್ಣ ಇದೆ. ಬಣ್ಣ ಇಲ್ಲ. ಅಂಕಿಅಂಶ ಓದಿದರು, ಬೈಬಲ್ ಓದಿದರು, ಒಬ್ಬರನ್ನೊಬ್ಬರು ಎತ್ತಿ ಆಡಿದರು. ಕಿವಿ ಕಿತ್ತುಹೋಯಿತು.

ಕೊನೆಗೆ ಸಂಘದವನು ನಗುನಗುತ್ತಾ ಎದ್ದ. "ಈಗ ಒಬ್ಬ ತಾಯಿಯ ಮಾತು ಕೇಳೋಣ."

ಲುವೆಲ್ಲಾ ಒಂದು ಮಡಿಸುವ ಕುರ್ಚಿಯನ್ನು ತಾನೇ ಎಳೆದುಕೊಂಡು ಹೋದಳು. ಮೈಕಿನ ಮುಂದೆ ಬಿಚ್ಚಿ ಕೂತಳು. ಕೈಚೀಲದಿಂದ ಕಾಗದದ ತಟ್ಟೆಯೊಂದನ್ನು ತೆಗೆದಳು. ಸಂಘದವನ ನಗು ಅಲ್ಲೇ ಅರ್ಧಕ್ಕೆ ನಿಂತಿತು.

"ನನ್ನ ಮಗ ಕಪ್ಪಗಿದಾನೆ. ಅದನ್ನ ಹೇಳೋಕೆ ನನ್ನ ಕರೆಸಿದ್ದು. ಹೇಳಿದೆ, ಎಲ್ಲರಿಗೂ ಕಾಣ್ತಾನೂ ಇದೆ." ಅರ್ನೆಟ್ಟಾಳ ಮುಖದಿಂದ ಕಣ್ಣು ತೆಗೆಯಲಿಲ್ಲ. "ಇನ್ನು ನನ್ನ ಮಾತು. ಕಾರ್ಡೆಲ್‌ಗೂ ರೆಜಿಗೂ ಒಂದೇ ಪಾಠ ಹೇಳಿಕೊಟ್ಟೋಳು ನಾನು. ಕಾರ್ಡೆಲ್ ಒಂದಕ್ಷರ ತಪ್ಪಿಲ್ಲದೆ ಒಪ್ಪಿಸ್ತಿದ್ದ. ನನ್ನ ಮಗ ಅದನ್ನ ಪೂರ್ತಿ ಕೇಳಲಿಲ್ಲ."

ತಟ್ಟೆಯನ್ನು ಸ್ಟೀರಿಂಗಿನಂತೆ ಹಿಡಿದಳು. ಬೆಳಕಿಗೆ ಕಣ್ಣು ಕಿರಿದು ಮಾಡಿದಳು.

"ಕೈ ಇಲ್ಲಿದೆ ಸಾರ್. ಕೈಯಲ್ಲಿ ಏನಿಲ್ಲ ಸಾರ್. ನಾನು ಅಲ್ಲಾಡಲ್ಲ ಸಾರ್."

ನಿಲ್ಲಿಸಿದಳು. ಸಭೆಯ ಕಡೆ ನೋಡಿದಳು. "ಕಲಿತಿರೋರು ಮುಂದಿಂದು ಹೇಳಿ."

ಎಡಗಡೆಯಿಂದ ಒಂದೇ ದನಿ ಎದ್ದಿತು. "ನಾನು ಮನೆಗೆ ಹೋಗ್ಬೇಕು ಸಾರ್." ಮುದುಕರು, ಬಸ್ ಡ್ರೈವರುಗಳು, ಮಡಿಲಲ್ಲಿ ಕೂತ ಪುಟಾಣಿಗಳು. ನನ್ನ ಬೆನ್ನ ಹಿಂದೆ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಡೀಕನ್ ಹೋರೇಸ್. ಎಂಬತ್ತರ ಗಂಡಸು ಎರಡೂ ಅಂಗೈ ಮುಂದಕ್ಕೆ ಚಾಚಿ ನಿಂತಿದ್ದರು, ತಮಗೇ ಗೊತ್ತಿಲ್ಲದೆ.

ಬಲಗಡೆ ಸದ್ದಿಲ್ಲ. ಹೇಳಬಾರದೆಂದಲ್ಲ, ಅವರಿಗೆ ಗೊತ್ತೇ ಇರಲಿಲ್ಲ.

ನಾನು ಕೂತಿದ್ದುದು ಎರಡೂ ಕಡೆಯ ನಡುವಿನ ಅಂಚಿನಲ್ಲಿ. ಆಚೆ ಕುರ್ಚಿಯ ಬಿಳಿ ಹೆಂಗಸು, ನನ್ನದೇ ವಯಸ್ಸು, ನನ್ನ ಕಡೆ ಬಾಗಿ ಪಿಸುಗುಟ್ಟಿದಳು. "ಅದು ನಿಮ್ಮ ಚರ್ಚಿನ ಪ್ರಾರ್ಥನೆಯಾ?"

"ಅಲ್ಲ ಕಣಮ್ಮ. ಪೊಲೀಸ್ ನಿಲ್ಲಿಸಿದಾಗ ಹೇಳೋ ಪಾಠ. ನಿಮ್ಮ ಮಕ್ಕಳಿಗೆ ನೀವು ಏನು ಹೇಳಿಕೊಟ್ರಿ?"

"ಪೊಲೀಸ್ ಕಂಡ್ರೆ ಕೈ ಬೀಸಿ ಅಂತ" ಅಂದಳು. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಮುಂದಿನ ಸಾಲಿನಲ್ಲಿ ರೆಜಿ ಎದ್ದು ನಿಂತಿದ್ದ. ಸಂಘದವನು ಕೋಟು ಹಿಡಿದು ಕೂರಿಸಲು ನೋಡಿದ. ರೆಜಿ ಆ ಕೈ ಕೊಡವಿದ. ಎಲ್ಲರೂ ಹೇಳಿ ಮುಗಿಸಿದ ಮೇಲೆ ಅವನೊಬ್ಬನೇ ಅರ್ನೆಟ್ಟಾಳ ಮುಂದೆ ನಿಂತು ಆ ನಾಲ್ಕನೆಯ ಮಾತನ್ನು ಹೇಳಿದ. ಕಾರ್ಡೆಲ್ ಹೇಳಬೇಕಿದ್ದುದು ಅದು. ಅರ್ನೆಟ್ಟಾ ಅವನ ಮುಖ ನೋಡಲಿಲ್ಲ. ವೇದಿಕೆಯ ಮೇಲೆ ಲುವೆಲ್ಲಾ ಅಂಗೈಯಿಂದಲೇ ಕಣ್ಣೊರೆಸಿಕೊಂಡಳು, ಆದರೆ ಕುರ್ಚಿ ಬಿಟ್ಟು ಏಳಲಿಲ್ಲ.

ರೆಜಿ ಮರುದಿನವೇ ಬ್ಯಾಡ್ಜ್ ಒಪ್ಪಿಸಿದ. ಸಂಘದವರು ಹೇಳಿದಂತೆಯೇ ಕೈ ತೊಳೆದುಕೊಂಡರು. ಕೇಸು ನಡೆಯುತ್ತಿದೆ, ಅವನು ಸುಳ್ಳು ಹೇಳುವುದಿಲ್ಲವಂತೆ. ಲುವೆಲ್ಲಾ ಪ್ರತಿ ಸಲವೂ ಕೋರ್ಟಿಗೆ ಹೋಗಿ ಮಗನ ಹಿಂದೆ ಕೂರುತ್ತಾಳೆ. ತಾಯಿ ಅಲ್ಲವೇ? ಅಡುಗೆಮನೆಯಲ್ಲಿ ಹೋರೇಸ್ ಮತ್ತು ಶನೀಸ್ ಈಗಲೂ ಕಚ್ಚಾಡುತ್ತಾರೆ, ಆದರೆ ಬಣ್ಣ ಇದೆಯೋ ಇಲ್ಲವೋ ಎಂದಲ್ಲ, ಅದಕ್ಕೆ ಏನು ಮಾಡಬೇಕು ಎಂದು. ಆ ಜಗಳಕ್ಕೆ ನಾನು ಬಾಣಲೆ ಬಡಿಯುವುದಿಲ್ಲ.

ಮುಂದಿನ ತಿಂಗಳ ಶನಿವಾರ ಮತ್ತೆ ಕುರ್ಚಿ ಹಾಕಿದೆವು. ಮಕ್ಕಳು ಕಾಗದದ ತಟ್ಟೆ ಹಿಡಿದು ಕೂತರು. ಪೊಲೀಸಾಗಲು ಲುವೆಲ್ಲಾಳಿಂದ ಆಗಲಿಲ್ಲ, ಟಾರ್ಚ್ ಹಿಡಿದ ಕೈ ಮೇಲಕ್ಕೇಳಲಿಲ್ಲ. ಅರ್ನೆಟ್ಟಾ ಹಿಂದಿನಿಂದ ಎದ್ದು ಬಂದಳು. ಏನೂ ಹೇಳದೆ ಅವಳ ಕೈಯಿಂದ ಟಾರ್ಚ್ ತೆಗೆದುಕೊಂಡಳು. ಒಂದೊಂದು ಮಗುವಿನ ಮುಂದೆಯೂ ನಿಂತಳು. ಕೆಲವು ಮಕ್ಕಳು ತೊದಲಿದರು, ಒಬ್ಬಳು ಮರೆತು ಮೊದಲಿನಿಂದ ಶುರುಮಾಡಿದಳು. ಅರ್ನೆಟ್ಟಾ ಕಾದಳು. ನಾಲ್ಕನೆಯ ಮಾತು ಪೂರ್ತಿ ಮುಗಿಯುವವರೆಗೂ ಕಾದು, ಟಾರ್ಚ್ ಕೆಳಗಿಳಿಸಿ, ಗಲ್ಲ ಸವರಿದಳು.

"ಹೋಗು ಮಗಾ" ಅಂದಳು. "ಮನೆಗೆ ಹೋಗು."