ಕೇಳದೆ ಮಾಡಿದ ಉಪಕಾರ

ಬೆಳಗಿನ ಅಭ್ಯಾಸ ಅರ್ಧ ಮುಗಿದಿತ್ತು. ಸೀಟಿ ಕಚ್ಚಿಕೊಂಡು ಮೈದಾನದ ಅಂಚಿನಲ್ಲಿ ನಿಂತಿದ್ದ ಕೋಚಮ್ಮನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಹುಡುಗಿಯರು ಒಬ್ಬರಿಗೊಬ್ಬರು ಚೆಂಡನ್ನು ಬೀಸಿ ಹೊಡೆಯುತ್ತಿದ್ದರು. ಗೋಡೆಯಕ್ಕನ ಸರದಿ ಬಂದಾಗ ಮಾತ್ರ ಮಗುವನ್ನು ಆಡಿಸುವ ಹಾಗೆ ಮೆತ್ತಗೆ ತಳ್ಳುತ್ತಿದ್ದರು.

"ಏನ್ರೇ ಅದು, ಕೈಯಲ್ಲಿ ಶಕ್ತಿ ಇಲ್ವಾ? ತಿಂದಿದ್ದೆಲ್ಲ ಎಲ್ಲಿಗೆ ಹೋಯ್ತು?" ಎಂದು ಕೋಚಮ್ಮ ಗದರಿದಳು.

ಹುಡುಗಿಯರು ಮುಖ ಮುಖ ನೋಡಿಕೊಂಡರು. ಗೋಡೆಯಕ್ಕ ಬಗ್ಗಿ ಚೆಂಡನ್ನು ತಡೆದು, ಬಂದದ್ದಕ್ಕಿಂತ ನಾಲ್ಕು ಪಟ್ಟು ಜೋರಾಗಿ ಹಿಂದಕ್ಕೆ ಹೊಡೆದಳು.

ಈ ಹಾಕಿ ತಂಡದಲ್ಲಿ ಗೋಲಿನ ಮುಂದೆ ಕಾವಲಿಗೆ ಅವಳು ನಿಂತು ಹತ್ತು ವರ್ಷದ ಮೇಲಾಗಿತ್ತು. ಅವಳನ್ನು ದಾಟಿ ಚೆಂಡು ಹೋಗುವುದು ಅಪರೂಪ, ಅದಕ್ಕೇ ಆ ಹೆಸರು. ಈಗ ಮೂವತ್ತೈದರ ವಯಸ್ಸು, ಬಲಮಂಡಿ ಆಗಾಗ ತಕರಾರು ತೆಗೆಯುತ್ತಿತ್ತು. ತಂಡವಂತೂ ಎರಡು ವರ್ಷದಿಂದ ಎಲ್ಲರಿಗಿಂತ ಕೆಳಗೆ ಕಚ್ಚಿಕೊಂಡು ಕೂತಿತ್ತು. ಎಳೆಯರನ್ನು ಸೇರಿಸಿ ಹೊಸದಾಗಿ ತಂಡ ಕಟ್ಟಬೇಕೆಂದು ಕ್ಲಬ್ಬಿನವರು ತೀರ್ಮಾನಿಸಿದ್ದರು. ಅಷ್ಟರಲ್ಲೇ ಬಂದರಿನ ಊರಿನ ತಂಡ ಕೇಳಿಕೊಂಡು ಬಂತು: ಗೋಡೆಯಕ್ಕನನ್ನು ನಮಗೆ ಬಿಟ್ಟುಕೊಡಿ, ಬದಲಿಗೆ ಇಬ್ಬರು ಹುಡುಗಿಯರನ್ನು ಕರೆದುಕೊಳ್ಳಿ. ಅವಳ ಕರಾರು ಮುಗಿಯುವುದರೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು.

ಅಭ್ಯಾಸ ಮುಗಿದ ಮೇಲೆ ಮ್ಯಾನೇಜರ ಕೋಣೆಯಲ್ಲೂ ಅದೇ ಮಾತು.

"ನೀನೇ ಯೋಚ್ನೆ ಮಾಡಮ್ಮ," ಎಂದರು ಮ್ಯಾನೇಜರು. "ಒಬ್ಬಳನ್ನ ಕೊಟ್ರೆ ಇಬ್ಬರು ಬರ್ತಾರೆ, ಇನ್ನೂ ಇಪ್ಪತ್ತು ತುಂಬದವರು. ನಂಗೇನು ಅವಳ ಮೇಲೆ ಹಗೆನಾ? ತಂಡ ಉಳೀಬೇಕಲ್ವಾ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಕೋಚಮ್ಮನಿಗೆ ತನ್ನದೇ ಕಾಲ ನೆನಪಾಯಿತು. ಅವಳನ್ನು ತಂಡದಿಂದ ಕೈಬಿಟ್ಟಾಗ ಯಾರೊಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಬ್ಯಾಗು ಹೊತ್ತುಕೊಂಡು ಬಸ್ಸು ಹತ್ತಿದರೆ ಅವಳ ಸೀಟಿನಲ್ಲಿ ಬೇರೊಬ್ಬಳು ಕೂತಿದ್ದಳು. ಆ ಸಂಕಟ ಶತ್ರುವಿಗೂ ಬೇಡ. ಇವಳಿಗಂತೂ ಬೇಡವೇ ಬೇಡ.

"ಸಾರ್, ಅವಳು ಸಂಸಾರಸ್ಥೆ. ಗಂಡ ಇದಾನೆ, ಶಾಲೆಗೆ ಹೋಗೋ ಮಗಳಿದಾಳೆ. ಎಲ್ಲಾ ಬಿಟ್ಟು ಅಷ್ಟು ದೂರ ಹೋಗೋಕಾಗುತ್ತಾ? ಇಷ್ಟು ವರ್ಷ ದುಡಿಸ್ಕೊಂಡು ಈಗ ಕರಿಬೇವಿನ ಎಲೆ ಥರ ತೆಗೆದು ಪಕ್ಕಕ್ಕಿಟ್ರೆ ದೇವರು ಮೆಚ್ತಾನಾ?"

ಬಹಳ ಹೊತ್ತು ಜಗ್ಗಾಡಿ ಮ್ಯಾನೇಜರೇ ಸೋತರು. "ಆಯ್ತಮ್ಮ, ಇನ್ನೊಂದು ವರ್ಷ ಕರಾರು ಮಾಡ್ಕೊಳ್ಳೋಣ. ಆದ್ರೆ ಆಡೋದು ಮಾತ್ರ ಹೊಸ ಹುಡುಗೀರು. ಅವಳು ಹೊರಗೆ ಬೆಂಚಿನ ಮೇಲೆ ಕೂತು ನಾಲ್ಕು ಬುದ್ಧಿಮಾತು ಹೇಳ್ಕೊಂಡಿರ್ಲಿ. ಬಂದರಿನ ಊರಿನವರಿಗೆ ಆಗಲ್ಲ ಅಂತ ನಾಳೆ ತಿಳಿಸ್ತೀನಿ."

ಕೋಚಮ್ಮ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ಕೋಟೆ ಗೆದ್ದವಳ ಹಾಗೆ ಮೆಟ್ಟಿಲಿಳಿದಳು.

ಸಂಜೆ ಗೋಡೆಯಕ್ಕನ ಮನೆಗೆ ಹೋದಾಗ ಅವಳ ಗಂಡ ಮಗಳ ಶಾಲೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ. ಹಗಲೆಲ್ಲ ಗೇಟು, ಕಿಟಕಿಗೆ ವೆಲ್ಡಿಂಗ್ ಮಾಡುವ ಆ ದಪ್ಪ ಕೈ ಪುಟ್ಟ ಕಾಲರನ್ನು ಎಚ್ಚರದಿಂದ ಮಡಿಸುತ್ತಿತ್ತು. ಗೋಡೆಯಕ್ಕ ಕುರ್ಚಿಯಲ್ಲಿ ಕಾಲು ಚಾಚಿ, ಮಂಡಿಯ ಮೇಲೆ ಐಸು ಸುತ್ತಿದ ಟವೆಲ್ ಇಟ್ಟುಕೊಂಡಿದ್ದಳು.

"ಸಿಹಿ ಸುದ್ದಿ ಕಣೇ!" ಕೋಚಮ್ಮ ಚಪ್ಪಲಿ ಬಿಡುವಾಗಲೇ ಶುರು ಮಾಡಿದಳು. "ನೀನೆಲ್ಲಿಗೂ ಹೋಗ್ಬೇಕಾಗಿಲ್ಲ. ಇನ್ನೊಂದು ವರ್ಷ ಇಲ್ಲೇ. ನಿಂಗೋಸ್ಕರ ಜಗಳಾನೇ ಆಡ್ಬಿಟ್ಟೆ."

"ಆಡಿಸ್ತಾರಾ?"

"ಅದು... ಬೆಂಚಲ್ಲಿರ್ತೀಯ. ಹುಡುಗೀರಿಗೆ ಹೇಳ್ಕೊಡ್ತಾ ಇರು. ನಿನ್ ಮಂಡಿಗೂ ಆರಾಮ."

ಗೋಡೆಯಕ್ಕ ಟವೆಲನ್ನು ಪಕ್ಕಕ್ಕಿಟ್ಟಳು. "ಅಕ್ಕಾ, ನಾನು ಆ ಊರಿಗೆ ಹೋಗಲ್ಲ ಅಂತ ನಿಂಗೆ ಯಾರು ಹೇಳಿದ್ರು?"

"ನಿಂಗೆ... ಗೊತ್ತಾ ವಿಷಯ?"

"ಗೋಡೆಗೂ ಕಿವಿ ಇರುತ್ತೆ ಕಣಕ್ಕಾ. ಬೆಳಿಗ್ಗೆ ಹುಡುಗೀರು ಚೆಂಡು ಕೊಟ್ಟ ರೀತಿ ನೋಡಿದ್ಯಲ್ಲ, ನಾನೇನೋ ಸತ್ತೇ ಹೋದ ಹಾಗೆ!" ಅವಳು ನಗಲು ನೋಡಿದಳು, ಆಗಲಿಲ್ಲ. "ಆ ಊರಿನ ಕೋಚು ಮೊನ್ನೆ ಫೋನ್ ಮಾಡಿದ್ರು. ಮಂಡಿ ಹೇಗಿದೆ, ಎಷ್ಟು ಹೊತ್ತು ಓಡ್ತೀಯ, ಮನೇಲಿ ಏನಂತಾರೆ, ಎಲ್ಲಾ ಕೇಳಿದ್ರು. ಅರ್ಧ ಆಟ ಆಡಿಸ್ತೀವಿ ಅಂದ್ರು. ಅರ್ಧ ಆದ್ರೇನು, ಆಟ ಅಲ್ವಾ? ಇಲ್ಲಿ ನೀವೆಲ್ಲ ನನ್ನ ಬಗ್ಗೆ ಎಷ್ಟೊಂದು ಮಾತಾಡಿದ್ರಿ. ನನ್ನ ಹತ್ರ ಒಬ್ರಾದ್ರೂ ಮಾತಾಡಿದ್ರಾ?"

"ನಿನ್ನ ಸಂಸಾರ ನೆನೆಸ್ಕೊಂಡೇ..."

ಗಂಡ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟ. "ಸಂಸಾರದವರು ನಾವು ಮಾತಾಡ್ಕೊಂಡಿದೀವಿ ಕೋಚಮ್ಮ. ಮಗಳನ್ನ ನಾನು ನೋಡ್ಕೋತೀನಿ, ರಜಾ ಬಂದಾಗ ಇಬ್ರೂ ಅಲ್ಲಿಗೇ ಹೋಗ್ತೀವಿ. ಇವಳೇ ಬಂದು ನಿಮ್ಗೆ ಹೇಳೋಣ ಅಂತಿದ್ಲು. ಉಂಡ ಮನೆಗೆ ಎರಡು ಬಗೆದ ಹಾಗಾಗುತ್ತೆ ಅಂತ ಹಿಂದೇಟು ಹಾಕಿದ್ಲು."

ಕೋಚಮ್ಮನಿಗೆ ಮೊದಲು ಸಿಟ್ಟೇ ಬಂತು. ಇಷ್ಟೆಲ್ಲ ಹೊಡೆದಾಡಿ ಬಂದರೆ ಒಂದು ಒಳ್ಳೆಯ ಮಾತೂ ಇಲ್ಲವಲ್ಲ! ಆಮೇಲೆ ನಾಚಿಕೆಯಾಯಿತು. ಅಂದು ಬಸ್ಸಿನಲ್ಲಿ ತನಗೆ ಯಾರೂ ಹೇಳಲಿಲ್ಲವೆಂದು ಇಷ್ಟು ವರ್ಷ ಕೊರಗಿದವಳು, ಇಂದು ತಾನೂ ಕೇಳದೆಯೇ ಇವಳನ್ನು ಬೆಂಚಿನ ಮೇಲೆ ಕೂರಿಸಿ ಬಂದಿದ್ದಳು. ಪ್ರೀತಿಯಿಂದಲೇ ಮಾಡಿದ್ದಳು, ನಿಜ. ಕೂತವಳಿಗೆ ಅದರಿಂದ ಏನು ಸುಖ?

"ನೀನು ಹೋದ್ರೆ ನಾನು ಯಾರ ಹತ್ರ ಹರಟೆ ಹೊಡೀಲೇ?" ಎಂದಳು ಕೋಚಮ್ಮ. ತಾನು ಯಾರಿಗೋಸ್ಕರ ಜಗಳವಾಡಿದ್ದೆನೆಂಬುದು ಆಗ ಅವಳಿಗೇ ತಿಳಿಯಿತು.

ಗೋಡೆಯಕ್ಕ ಅವಳ ಕೈ ಹಿಡಿದುಕೊಂಡಳು. ಒಳಗಿನಿಂದ ಮಗಳು ಪಾಠ ಓದುತ್ತಿದ್ದುದು ಕೇಳುತ್ತಿತ್ತು.

ಕೋಚಮ್ಮ ಮೂಗೊರೆಸಿಕೊಂಡು ಫೋನು ತೆಗೆದಳು. "ಸಾರ್, ಬೆಳಿಗ್ಗೆ ನಾನು ಹೇಳಿದ್ದೆಲ್ಲ ನನ್ನ ಮಾತು. ಅವಳದ್ದಲ್ಲ. ಅವಳು ಇಲ್ಲೇ ಇದಾಳೆ, ಅವಳನ್ನೇ ಕೇಳಿ." ಅಷ್ಟು ಹೇಳಿ ಫೋನನ್ನು ಮುಂದೆ ಚಾಚಿದಳು.

ಗೋಡೆಯಕ್ಕ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಫೋನು ತೆಗೆದುಕೊಂಡಳು, ಮಂಡಿ ನೋಯುತ್ತಿದ್ದರೂ ಎದ್ದು ನಿಂತಳು.

"ಹೇಳಮ್ಮ, ನಿಂಗೇನು ಬೇಕು?" ಆ ಕಡೆಯಿಂದ ಮ್ಯಾನೇಜರ ದನಿ ಬಂತು.

"ನಂಗೆ ಆಡ್ಬೇಕು ಸಾರ್."

"ಅಲ್ಲಮ್ಮ, ಇದನ್ನ ಮೊದಲೇ ಹೇಳೋದಲ್ವಾ?"

"ನೀವು ಕೇಳ್ಲಿ ಅಂತ ಕಾಯ್ತಿದ್ದೆ ಸಾರ್," ಎಂದಳು ಅವಳು.