ದೊರೆಸಾನಿಯ ಕಾವು

ದೊರೆಸಾನಿ ಎಂಬ ಆ ಕೋಳಿಗೆ ಇದ್ದಷ್ಟು ಹಟ ಆ ಬೀದಿಯಲ್ಲಿ ಇನ್ನೊಬ್ಬರಿಗಿದ್ದರೆ, ಅದು ಅದನ್ನು ಸಾಕಿದ್ದ ಟೈಲರಮ್ಮನ ಅತ್ತೆಗೆ ಮಾತ್ರ. ದೊರೆಸಾನಿ ಕಾವಿಗೆ ಕೂತಿತೆಂದರೆ ಮುಗಿಯಿತು, ಕಾಳೂ ಬೇಡ, ನೀರೂ ಬೇಡ. ಅಡಿಯಲ್ಲಿ ಮೊಟ್ಟೆ ಇದ್ದರೂ ಸರಿ, ಬರೀ ಹುಲ್ಲಿದ್ದರೂ ಸರಿ. ಮೊಟ್ಟೆ ಇದ್ದು ತಾನೇ ಏನು ಪ್ರಯೋಜನ? ಹುಂಜ ಕೂಗಿದರೆ ನಿದ್ದೆ ಕೆಡುತ್ತದೆಂದು ಅಕ್ಕಪಕ್ಕದವರು ಜಗಳಕ್ಕೆ ಬಂದು, ಮನೆಯ ಹುಂಜ ಎಂದೋ ಬೇರೆಯವರ ಪಾಲಾಗಿತ್ತು. ಹುಂಜವಿಲ್ಲದ ಮೊಟ್ಟೆಯಿಂದ ಮರಿ ಬರುವುದುಂಟೇ? ಅದನ್ನು ದೊರೆಸಾನಿಗೆ ತಿಳಿಸಿ ಹೇಳುವವರು ಯಾರು?

"ತಣ್ಣೀರಲ್ಲಿ ಒಂದು ಸಲ ಮುಳುಗಿಸಿ ತೆಗಿ, ಕಾವು ಬಿಡ್ತಾಳೆ" ಎಂದು ಅತ್ತೆ ಹೇಳಿದ್ದರು. ಟೈಲರಮ್ಮನಿಗೆ ಮನಸ್ಸು ಬರಲಿಲ್ಲ. ಅದರ ಹೊಟ್ಟೆಯಡಿ ಕೈ ಹಾಕಿ ಮೊಟ್ಟೆ ತೆಗೆಯುವಾಗಲೇ ಅವಳ ಕರುಳು ಚುರ್ ಎನ್ನುತ್ತಿತ್ತು.

ಹಿತ್ತಲಿಗೆ, ಯಾರದೋ ಮನೆಯ ಗೂಡಿನಿಂದ ತಪ್ಪಿಸಿಕೊಂಡ ಒಂದು ಸಾಕುಮೊಲವೂ ಬರುತ್ತಿತ್ತು. ಬೇಲಿಯ ತಂತಿಯ ಕೆಳಗೆ ಮಣ್ಣು ಕೆರೆದು ನುಸುಳಿ, ಕೋಳಿಗಳು ಚೆಲ್ಲಿದ ಕಾಳು ತಿಂದು ಹೋಗುತ್ತಿತ್ತು. ಕೋಳಿಗಳು ಅದನ್ನು ಕರೆಯದೆ ಬಂದ ನೆಂಟರ ಹಾಗೆ ಸಹಿಸಿಕೊಂಡಿದ್ದವು. ಅದು ಇಲ್ಲೇ, ಕೋಳಿಗಳ ತಗಡಿನ ಶೆಡ್ಡಿನ ಮೂಲೆಯಲ್ಲೇ ಬಾಣಂತನ ಮಾಡಿಕೊಳ್ಳುತ್ತದೆಂದು ಯಾರು ಎಣಿಸಿದ್ದರು?

ಒಂದು ಬೆಳಿಗ್ಗೆ ದೊರೆಸಾನಿ ತನ್ನ ಬುಟ್ಟಿ ಬಿಟ್ಟು ಆ ಮೂಲೆಯ ಹುಲ್ಲಿನ ಮೇಲೆ ಕೂತಿತ್ತು. ಟೈಲರಮ್ಮ ಎಂದಿನಂತೆ ಕೈ ಹಾಕಿದಳು. ಮೊಟ್ಟೆಯ ಬದಲು ಏನೋ ಮೆತ್ತಗೆ ಮಿಸುಕಾಡಿತು. ಕೂದಲಿಲ್ಲದ, ಕಣ್ಣು ಬಿಡದ ಮೊಲದ ಮರಿಗಳು! ದೊರೆಸಾನಿ ಗುರ್ರೆಂದು ಅವನ್ನು ಕೊಕ್ಕಿನಿಂದ ಒಳಗೆಳೆದುಕೊಂಡಿತು.

"ಅತ್ತೆ, ಬನ್ನಿ ಬೇಗ! ದೊರೆಸಾನಿಗೆ ಮರಿ ಆಗಿದೆ!"

ಅತ್ತೆ ಮಂಡಿ ಹಿಡಿದುಕೊಂಡು ಬಂದು ಬಗ್ಗಿ ನೋಡಿದರು. "ಅಯ್ಯೋ, ಕೊಕ್ಕೂ ಇಲ್ಲ, ರೆಕ್ಕೆನೂ ಇಲ್ಲ. ಯಾರ ಹೋಲಿಕೆನೇ ಇದು?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಟೈಲರಮ್ಮನ ಕಣ್ಣು ತುಂಬಿತು. ಇಷ್ಟು ದಿನ ಮೊಟ್ಟೆ ಕಸಿದುಕೊಂಡಿದ್ದಕ್ಕೆ ಅಂತೂ ಈ ಕೋಳಿಯ ಋಣ ತೀರಿತು ಎಂದುಕೊಂಡಳು.

ಸಂಜೆ ಮೊಲ ಹಾಲೂಡಿಸಲು ಬಂದಿತು. ಟೈಲರಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತು ಕಿಟಕಿಯಿಂದ ನೋಡುತ್ತಿದ್ದಳು. ದೊರೆಸಾನಿ ರೆಕ್ಕೆ ಕೆದರಿ ಎಗರಿತು. ಮೊಲದ ಕೂದಲು ಗಾಳಿಗೆ ಹಾರಿತು. ಬಂದ ದಾರಿಯಲ್ಲೇ ಅದು ಓಟ ಕಿತ್ತಿತು.

"ಆ ಕೋಳಿನ ಎತ್ತಿ ಆಚೆ ಹಾಕು" ಎಂದರು ಅತ್ತೆ. "ಅವಳ ಹತ್ರ ಹಾಲು ಎಲ್ಲಿಂದ ಬರಬೇಕು?"

"ಮೊಲ ಮತ್ತೆ ಬರುತ್ತೆ ಬಿಡಿ. ಮುಟ್ಟಿ ನೋಡಿ, ಎಷ್ಟು ಬೆಚ್ಚಗಿವೆ!"

"ನಿನ್ನ ಮೊಲಕ್ಕೆ ಮೂರೇ ಕಾಲು."

ಮರುದಿನವೂ ದೊರೆಸಾನಿ ಮೊಲವನ್ನು ಓಡಿಸಿದಾಗ ಟೈಲರಮ್ಮ ಮಿಷನ್ನು ಬಿಟ್ಟು ಎದ್ದಳು. ಹೋಗಿ ದೊರೆಸಾನಿಯನ್ನು ಎತ್ತಿ ಬುಟ್ಟಿಯ ಕೆಳಗೆ ಕವುಚಿ ಹಾಕಿದಳು. ಅವಳು ಅತ್ತ ತಿರುಗಿದ್ದೇ ತಡ, ಉಳಿದ ಕೋಳಿಗಳು ಮರಿಗಳ ಮೇಲೆ ಮುಗಿಬಿದ್ದವು. ಅವುಗಳಿಗೆ ಇಲಿಮರಿಯೂ ಒಂದೇ, ಮೊಲದ ಮರಿಯೂ ಒಂದೇ. ಅವಳು ಕೂಗಾಡಿ ಓಡಿಸುವಷ್ಟರಲ್ಲಿ ಒಂದು ಮರಿ ರಕ್ತವಾಗಿ ಹೋಗಿತ್ತು. ಬುಟ್ಟಿ ಎತ್ತಿದಳು. ದೊರೆಸಾನಿ ನೆಟ್ಟಗೆ ಬಂದು ಉಳಿದವನ್ನು ರೆಕ್ಕೆಯಡಿ ಸೇರಿಸಿಕೊಂಡಿತು. ಕೋಳಿ ಕೂತರೆ ಹಸಿವು, ಎದ್ದರೆ ಕೊಕ್ಕು. ಅತ್ತ ದರಿ, ಇತ್ತ ಪುಲಿ.

ಅಂದು ಸಂಜೆ ಅತ್ತೆ ಸೊಸೆ ಸೇರಿ ಕೋಳಿಗಳನ್ನೆಲ್ಲ ಹಿಡಿದು ಬಚ್ಚಲುಮನೆಗೆ ತುಂಬಿದರು. ಅಡುಗೆಮನೆಯ ಕಿಟಕಿಯಲ್ಲಿ ನಿಂತರು. ಮೊಲ ಬಂದಿತು. ಬೇಲಿಯ ಸಂದಿಯವರೆಗೂ ಬಂದು ಕಿವಿ ನಿಮಿರಿಸಿತು. ಆಗಲೇ ದೊರೆಸಾನಿ ಬಚ್ಚಲೊಳಗಿಂದ ಬೀದಿಗೆಲ್ಲ ಕೇಳುವಂತೆ ಬಾಯಿ ಬಡಿದುಕೊಂಡಿತು. ಮೊಲ ತಿರುಗಿ ಹೋಯಿತು. ಮತ್ತೆ ಬರಲಿಲ್ಲ.

ಮರಿಗಳ ಮೈ ತಣ್ಣಗಾಗುತ್ತಿತ್ತು. ಟೈಲರಮ್ಮ ಗಾಬರಿಯಾಗಿ ತಾನೇ ದೊರೆಸಾನಿಯನ್ನು ಎತ್ತಿ ತಂದು ಅವುಗಳ ಮೇಲೆ ಕೂರಿಸಿದಳು.

ದನದ ಆಸ್ಪತ್ರೆಯ ಕಾಂಪೌಂಡರಿಗೆ ಫೋನ್ ಮಾಡಿದರೆ, "ಹಸುವಿನ ಹಾಲು ಅವುಕ್ಕೆ ಆಗಲ್ಲಮ್ಮ. ತಾಯಿ ಬಂದ್ರೆ ಬದುಕುತ್ತವೆ, ಇಲ್ಲಾಂದ್ರೆ ಇಲ್ಲ" ಎಂದರು. ಮನಸ್ಸು ಕೇಳಬೇಕಲ್ಲ! ಹತ್ತಿ ಅದ್ದಿ ಬಾಯಿಗಿಟ್ಟಳು. ಹಾಲು ಕೆನ್ನೆಯ ಮೇಲಿಂದ ಇಳಿದುಹೋಯಿತು.

ಶಾಲೆಯ ಸಮವಸ್ತ್ರಗಳು ರಾಶಿ ಬಿದ್ದಿದ್ದವು. ಒಂದು ಕಾಲರ್ ಮುಗಿಸುವಳು, ಶೆಡ್ಡಿಗೆ ಓಡುವಳು, ಕೈ ಹಾಕುವಳು. ಬೆಚ್ಚಗಿವೆ. ವಾಪಸು ಬಂದು ಇನ್ನೊಂದು ಕಾಲರ್. ಮೊಟ್ಟೆ ಮುಟ್ಟಿ ಮುಟ್ಟಿ ಪಳಗಿದ ಕೈ ಅದು, ಬಿಸಿ ಇದ್ದರೆ ಸಾಕು, ಅದಕ್ಕೆ ನೆಮ್ಮದಿ.

"ಬೆಚ್ಚಗಿವೆ ಅತ್ತೆ."

"ಅಲ್ಲಾಡ್ತಾವಾ?"

ಟೈಲರಮ್ಮ ಸೂಜಿಗೆ ದಾರ ಪೋಣಿಸತೊಡಗಿದಳು. "ನಿದ್ದೆ ಮಾಡ್ತಿರಬೇಕು."

ಅತ್ತೆ ಎದ್ದರು. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದರು. ಸೊಸೆಯೂ ಹಿಂದೆಯೇ ಹೋದಳು. ದೊರೆಸಾನಿ ಕುಕ್ಕಿದರೂ ಬಿಡದೆ ಅತ್ತೆ ಒಂದು ಮರಿಯನ್ನು ತೆಗೆದು ಸೊಸೆಯ ಅಂಗೈಯಲ್ಲಿಟ್ಟರು.

"ನೋಡಿ, ಬಿಸಿ ಇದೆ" ಎಂದಳು ಟೈಲರಮ್ಮ.

"ಹೂಂ ಕಣವ್ವ. ಹಾಗೇ ಸ್ವಲ್ಪ ಹೊತ್ತು ಹಿಡ್ಕೊಂಡಿರು."

ಹಿಡಿದುಕೊಂಡಳು. ಬಿಸಿ ಮೆಲ್ಲಗೆ ಇಳಿಯಿತು. ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ಹೊಟ್ಟೆ. ಇನ್ನೊಂದು ಕೈಯನ್ನೂ ಮೇಲೆ ಮುಚ್ಚಿದಳು. ಆದರೂ ಇಳಿಯಿತು. ಅತ್ತೆ ಅವಳ ಭುಜದ ಮೇಲೆ ಕೈಯಿಟ್ಟು ನಿಂತಿದ್ದರು.

ದೊರೆಸಾನಿ ಕತ್ತು ಚಾಚಿ, ಮರಿಯನ್ನು ಕರೆಯುವ ದನಿಯಲ್ಲಿ ಲೊಕ್ ಲೊಕ್ ಎನ್ನುತ್ತಿತ್ತು. ಟೈಲರಮ್ಮ ಬಗ್ಗಿ ಮರಿಯನ್ನು ಅದರ ಮುಂದಿಟ್ಟಳು. ದೊರೆಸಾನಿ ಅದನ್ನು ಜೋಪಾನವಾಗಿ ಕೊಕ್ಕಿನಿಂದ ಒಳಗೆಳೆದುಕೊಂಡು, ಮೈ ಅಗಲಿಸಿ ಕೂತಿತು. ಇನ್ನು ಸ್ವಲ್ಪ ಹೊತ್ತಿಗೆ ಆ ಮರಿ ಮತ್ತೆ ಬೆಚ್ಚಗಾಗುತ್ತದೆಂದು ಅವಳಿಗೆ ಗೊತ್ತಿತ್ತು.